ಪಕ್ಷದ ಮೂಳೆ, ಕೋವಿಯ ಬಣ್ಣ

ಲೇಡೀಸ್ ಹಾಸ್ಟೆಲ್, ಸುರತ್ಕಲ್
27-8-2001

ಮಾನ್ಯ ಕಂಠಪ್ಪನವರಿಗೆ,

ನಮಸ್ಕಾರಗಳು. ಗುರುತು ಪರಿಚಯ ಇಲ್ಲದ ನಿಮಗೆ ಹೀಗೆ ಕಾಗದ ಬರೆಯುತ್ತಿರುವುದಕ್ಕೆ ಮೊದಲು ಕ್ಷಮೆ ಇರಲಿ. ಬರೆಯಲೋ ಬೇಡವೋ ಎಂಬ ಟೆನ್ಷನ್ನಿನಲ್ಲಿ ಆಗಲೇ ಎರಡು ಇನ್‌ಲ್ಯಾಂಡ್ ಹಾಳು ಮಾಡಿದ್ದೇನೆ. ನನ್ನ ಕನ್ನಡವೂ ಅಷ್ಟಕ್ಕಷ್ಟೆ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು, ಕನ್ನಡ ಮಾತಾಡಿದರೆ ಫೈನ್ ಹಾಕುತ್ತಿದ್ದ ಸ್ಕೂಲು. ತಪ್ಪಿದ್ದರೆ ಸಾರಿ.

ನಾನು ಹರ್ಷಿತಾ. ಸರಗೂರಿನ ಕಡೆಯ ಹುಚ್ಚಯ್ಯನವರ ಮಗಳ ಮಗಳು. ತಾತ ಹೋದ ವರ್ಷ ತೀರಿಕೊಂಡ ಮೇಲೆ ಅವರ ಜೋಡು ನಳಿಗೆಯ ಕೋವಿಯನ್ನು ಲಿಂಗರಾಜು ಮಾವ ಹುಣಸೂರಿನ ನಿಮ್ಮ ಅಂಗಡಿಯಲ್ಲಿ ಡಿಪಾಸಿಟ್ ಇಟ್ಟಿದ್ದಾರೆ. ಈಗ ಲೈಸೆನ್ಸ್ ನಮ್ಮ ಅಜ್ಜಿ ಸೋಮಮ್ಮನವರ ಹೆಸರಿಗೆ ಆಗಿದೆ. ಅಜ್ಜಿಯ ಹೊಲ ಕಾಡಂಚಿನಲ್ಲಿದೆ. ತಾತ ಹಾಸಿಗೆ ಹಿಡಿದಾಗ ಹಂದಿ ಓಡಿಸಲು ಗಾಳಿಗೆ ಗುಂಡು ಹಾರಿಸುತ್ತಿದ್ದವರು ಅವರೇ. ಹೆಂಗಸಿಗೆ ಯಾಕೆ ಕೋವಿ ಎಂದು ಊರಲ್ಲಿ ಯಾರೋ ಕೇಳಿದ್ದಕ್ಕೆ, "ಹಂದಿ ಬರೂವಾಗ ಮನೇಲಿ ಗಂಡ್ಸು ಅವ್ನಾ ಅಂತ ಕೇಳ್ಕಂಡು ಬತ್ತದಾ?" ಎಂದರಂತೆ.

ವಿಷಯ ಏನೆಂದರೆ, ಆಯುಧಪೂಜೆಯ ದಿನ ಕೋವಿ ಮನೆಯಲ್ಲಿರಬೇಕು. ಅದೂ ಹಳೆಯ ಬಣ್ಣದಲ್ಲಿ. ನಳಿಗೆ ಬಂದು ಕೂರುವ ಆ ಉಕ್ಕಿನ ರಿಸೀವರ್ ಇದೆಯಲ್ಲ, ಅದರ ಮೇಲೆ ಒಂದು ಕಾಲದಲ್ಲಿ ಬಣ್ಣಗಳಿದ್ದವಂತೆ. ಪೇಂಟ್ ಅಲ್ಲ. ನೀರಿನ ಮೇಲೆ ಸೀಮೆಎಣ್ಣೆ ಬಿದ್ದರೆ ಹರಡಿಕೊಳ್ಳುತ್ತದಲ್ಲ, ಹಾಗೆ. ಗುಂಡು ಹಾರಿಸಲು ಬೆರಳಿಟ್ಟು ಎಳೆಯುವ ಕುದುರೆಯ ಪಕ್ಕದಲ್ಲಿ ನವಿಲಿನ ಕತ್ತಿನ ಹಾಗೆ ಒಂದು ನೀಲಿ ಇತ್ತು ಎಂದು ಅಮ್ಮ ಹೇಳುತ್ತಾರೆ. ನಾನು ನೋಡುವ ಹೊತ್ತಿಗೆ ಎಲ್ಲ ಬಿಳಿಯಾಗಿತ್ತು. ಮಾವ ಸ್ಪ್ರೇ ಪೇಂಟ್ ಹೊಡೆಸೋಣ ಎನ್ನುತ್ತಿದ್ದಾರೆ. ದಯವಿಟ್ಟು ಅವರು ಬಂದರೆ ಒಪ್ಪಬೇಡಿ.

ಇದನ್ನು ಮೂಳೆಯ ಇದ್ದಿಲಿನಲ್ಲಿ ಕಾಯಿಸಿ ನೀರಿಗೆ ಹಾಕಿ ಮಾಡುತ್ತಾರೆ ಎಂದು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ತಿಳಿಯಿತು. ನಾನು ಇಲ್ಲಿ ಮೆಟಲರ್ಜಿ ಓದುತ್ತಿದ್ದೇನೆ. ಈ ಬಣ್ಣಗಳ ಬಗ್ಗೆ ನಮ್ಮಲ್ಲಿ ಸಾಕಷ್ಟು ಸ್ಟಡಿ ಆಗಿದೆ. ಬೇಕಾದ ಟೆಕ್ನಿಕಲ್ ಸಹಾಯ ನಾವು ಕೊಡಬಹುದು. ನಿಮಗೆ ಈ ಕೆಲಸ ಬರುತ್ತದೆಯೇ? ಹೀಗೆ ಕೇಳುವುದು ಅಗೌರವವಾದರೆ ಸಾರಿ.

ವಂದನೆಗಳೊಂದಿಗೆ,
ಹರ್ಷಿತಾ


ಹುಣಸೂರು
31-8-2001

ಕುಮಾರಿ ಹರ್ಷಿತಾ ಅವರಿಗೆ,

ತಮ್ಮ ಪತ್ರ ತಲುಪಿತು. ಬರುತ್ತದೆಯೇ ಎಂದು ಕೇಳಿದ್ದೀರಿ. ನಮ್ಮ ತಂದೆಯವರು ಪಿರಿಯಾಪಟ್ಟಣದಲ್ಲಿ ಅಂಗಡಿ ಇಟ್ಟಿದ್ದ ಕಾಲದಲ್ಲಿ ಕೊಡಗಿನ ಎಸ್ಟೇಟುಗಳಿಂದ ಜೀಪು ಕಳಿಸಿ ಅವರನ್ನು ಕರೆಸಿಕೊಳ್ಳುತ್ತಿದ್ದರು. ಅವರು ಬಣ್ಣ ಬರಿಸಿದ ಕೋವಿಗಳನ್ನು ಇವತ್ತಿಗೂ ಗೋಡೆಯಿಂದ ಇಳಿಸದೆ ಇಟ್ಟುಕೊಂಡವರಿದ್ದಾರೆ. ನಾನು ಅವರ ಮಗ. ಇಷ್ಟು ಸಾಕೆಂದುಕೊಳ್ಳುತ್ತೇನೆ.

ನೀವು ರಿಸೀವರ್ ಎನ್ನುವುದನ್ನು ನಾವು ಬಾಡಿ ಎನ್ನುತ್ತೇವೆ. ರಿಸೀವರ್ ಎಂದರೆ ನನಗೆ ಟೆಲಿಫೋನೇ ನೆನಪಾಗುವುದು.

ತಮ್ಮ ಕೋವಿಯನ್ನು ಇಳಿಸಿ ಬಿಸಿಲಿನಲ್ಲಿ ನೋಡಿದೆ. ಒಳ್ಳೆಯ ಮಾಲು. ಆದರೆ ಬಣ್ಣ ತಾನಾಗಿ ಹೋದದ್ದಲ್ಲ, ತೆಗೆದದ್ದು. ಉಗುರಿನ ಮೇಲೆ ಬಳಿದುಕೊಳ್ಳುವ ಬಣ್ಣಕ್ಕಿಂತ ತೆಳುವಾದ ಪದರ ಅದು. ಅದನ್ನು ಯಾವನೋ ಹುಳಿ ಹಾಕಿ, ವರ್ಷಗಟ್ಟಲೆ ತಿಕ್ಕಿ ಬೋಳು ಮಾಡಿದ್ದಾನೆ. ಯಾವುದೋ ಸಂತೆಯ ಕಲಾಯಿಯವನ ಕೈಗೆ ಕೊಟ್ಟಿದ್ದಿರಬೇಕು. ಆ ಕೈ ಯಾರದು ಎಂದು ತಿಳಿಸಿದರೆ, ಹುಣಸೂರಿನಲ್ಲಿ ಅವನು ಮತ್ತೆ ಒಂದು ಕೋವಿ ಮುಟ್ಟದ ಹಾಗೆ ನಾನು ನೋಡಿಕೊಳ್ಳುತ್ತೇನೆ.

ಇನ್ನೆರಡು ಮಾತು. ಮೂಳೆ ಬೇಕು, ಕೊಬ್ಬಿಲ್ಲದ್ದು, ಬೇಯಿಸಿದ್ದು. ನಮ್ಮ ಮನೆಯಲ್ಲಿ ಮೂಳೆ ಹೊಸಿಲು ದಾಟುವುದಿಲ್ಲ. ತಂದೆಯವರು ಅಂಗಡಿಯ ಹಿತ್ತಿಲಲ್ಲಿ ಮೂಳೆ ಸುಡುವ ದಿನ ನಮ್ಮ ಅವ್ವ ಒಲೆ ಹಚ್ಚುತ್ತಿರಲಿಲ್ಲ. ಹಾಗಾಗಿ ಅದನ್ನು ಒದಗಿಸುವುದು ತಮ್ಮ ಹೊಣೆ. ಎರಡನೆಯದು, ಬಂದ ಬಣ್ಣ ಬಂದದ್ದೇ. ಅದನ್ನು ಬೆಂಕಿಯೂ ನೀರೂ ಸೇರಿ ತೀರ್ಮಾನಿಸುತ್ತವೆ. ಒಂದರ ಹಾಗೆ ಇನ್ನೊಂದು ಬಾರದು. ನವಿಲಿನ ಕತ್ತು ಬೇಕು ಎಂದರೆ ನವಿಲನ್ನೇ ಹಿಡಿಯಬೇಕು.

ಇದ್ದಿಲು ತುಂಬಿದ ಕಬ್ಬಿಣದ ಪೆಟ್ಟಿಗೆ ಎಷ್ಟು ಕೆಂಪಾದಾಗ ಬೆಂಕಿಯಿಂದ ತೆಗೆಯಬೇಕು ಎಂಬ ಬಗ್ಗೆ ತಮ್ಮ ಪ್ರೊಫೆಸರರ ಅಭಿಪ್ರಾಯವೇನು? ನನಗೆ ತಿಳಿಯದೆಂದಲ್ಲ. ಪುಸ್ತಕ ಏನನ್ನುತ್ತದೆ, ನೋಡೋಣವೆಂದು.

ಇಂತಿ,
ಕಂಠಪ್ಪ


ಸುರತ್ಕಲ್
5-9-2001

ಮಾನ್ಯ ಕಂಠಪ್ಪನವರಿಗೆ,

ನಿಮ್ಮ ಕಾಗದ ಬಂದು ತುಂಬಾ ಖುಷಿಯಾಯಿತು. ಅಷ್ಟೊಂದು ಕೋವಿಗಳಿಗೆ ಬಣ್ಣ ತಂದವರ ಮನೆತನದಲ್ಲೇ ನಮ್ಮದೂ ಇದೆ ಎಂದರೆ ಇನ್ನೇನು ಬೇಕು. ಅಜ್ಜಿಗೆ ಫೋನಿನಲ್ಲಿ ನಿಮ್ಮ ವಿಷಯ ಹೇಳಿದೆ. "ಅಂಗಾರೆ ಬುಡು, ಒಳ್ಳೆ ಕೈಗೇ ಬಿದ್ದದೆ" ಎಂದರು.

ಬಣ್ಣ ಹೋಗಿದ್ದು ಹೇಗೆಂದು ನನಗೆ ಗೊತ್ತಿಲ್ಲ. ಹಳೆಯದಾಗಿ ಹೋಗಿರಬಹುದು. ಕಲಾಯಿಯವನು ಇರಲಿಕ್ಕಿಲ್ಲ. ಆ ವಿಷಯ ಅಷ್ಟು ಇಂಪಾರ್ಟೆಂಟ್ ಅಲ್ಲ ಅನ್ನಿಸುತ್ತದೆ.

ಕೆಂಪಿನ ವಿಷಯ: ನೇರಳೆ ಕೆಂಪೂ ಅಲ್ಲದೆ ಕಿತ್ತಳೆಯೂ ಅಲ್ಲದೆ, ಚೆರ್ರಿ ಹಣ್ಣಿನ ಕೆಂಪು ಎಂದು ನಮ್ಮ ಡಿಪಾರ್ಟ್‌ಮೆಂಟಿನ ಅಭಿಪ್ರಾಯ. ಚೆರ್ರಿ ಎಂದರೆ ಬೇಕರಿ ಕೇಕಿನ ಮೇಲೆ ಇಡುತ್ತಾರಲ್ಲ, ಅದಲ್ಲ. ನಿಜವಾದ ಚೆರ್ರಿ ನಾನೂ ನೋಡಿಲ್ಲ. ಕಾಫಿ ಹಣ್ಣಿನ ಹಾಗೆ ಇರಬಹುದು. ನಿಮಗೆ ಅನುಭವದಿಂದ ಗೊತ್ತೇ ಇರುತ್ತದೆ. ನಿಮ್ಮ ತಂದೆಯವರು ಏನು ಹೇಳುತ್ತಿದ್ದರು?

ಒಂದರ ಹಾಗೆ ಇನ್ನೊಂದು ಬರುವುದಿಲ್ಲ ಎಂದು ಬರೆದಿದ್ದೀರಿ. ಆದರೂ ಆ ನೀಲಿ ಕುದುರೆಯ ಹತ್ತಿರವೇ ಬರುವ ಹಾಗೆ ಸ್ವಲ್ಪ ಟ್ರೈ ಮಾಡಬಹುದಾ? ಸುಮ್ಮನೆ ಕೇಳಿದೆ. ಅಜ್ಜಿಗೆ ನಾನಿನ್ನೂ ಅದನ್ನು ಹೇಳಿಲ್ಲ.

ಮೂಳೆಗೆ ದಾರಿ ಇದೆ. ಹದಿನಾರನೇ ತಾರೀಕು ಭಾನುವಾರ ನಮ್ಮ ಮನೆಯಲ್ಲಿ ಹಿರಿಯರ ಪಕ್ಷದ ಹಬ್ಬ. ತಾತನಿಗೆ ಇದು ಮೊದಲ ಎಡೆ. ಊರೆಲ್ಲ ಊಟಕ್ಕೆ ಬರುತ್ತಾರೆ. ನಾನೂ ಹೋಗುತ್ತಿದ್ದೇನೆ.

ಹರ್ಷಿತಾ


ಅಜ್ಜಿಯ ಮನೆ, ಸರಗೂರು
17-9-2001

ಮಾನ್ಯ ಕಂಠಪ್ಪನವರಿಗೆ,

ಈ ಕಾಗದವನ್ನೂ ಒಂದು ಗೋಣಿಚೀಲವನ್ನೂ ಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಚೀಲವನ್ನು ದಯವಿಟ್ಟು ಹಿತ್ತಿಲ ಕಡೆಯಿಂದ ಇಳಿಸಿಕೊಳ್ಳಿ. ಮಾವ ಮುಖ ಸಿಂಡರಿಸಿಕೊಂಡಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ದಾರಿಯುದ್ದಕ್ಕೂ ನಾಯಿಗಳು ಗಾಡಿಯ ಹಿಂದೆ ಓಡಿಬಂದರೆ ಯಾರಿಗಾದರೂ ಕೋಪ ಬರುತ್ತದೆ.

ನಿನ್ನೆ ಏನಾಯಿತೆಂದು ಹೇಳಲೇಬೇಕು. ತಾತನ ಫೋಟೋದ ಮುಂದೆ ಎಡೆ ಇಟ್ಟೆವು. ಮುದ್ದೆ, ಮಟನ್ ಸಾರು, ಒಬ್ಬಟ್ಟು, ಹೊಸ ಪಂಚೆ, ಒಂದು ಕಟ್ಟು ಬೀಡಿ. ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ನಿಂತು ಆಮೇಲೆ ಒಳಗೆ ಹೋದೆವು. ಊರಿನವರು ಪಂಕ್ತಿಯಲ್ಲಿ ಕೂತರು. ಬಡಿಸುವುದು ಮುಗಿಯುತ್ತಿದ್ದ ಹಾಗೆ ಅಜ್ಜಿ ಬಕೆಟ್ ಹಿಡಿದು ನಡುವೆ ನಿಂತುಬಿಟ್ಟರು.

"ಯಾರೂ ಎಲೇಲಿ ಮೂಳೆ ಬುಡಬ್ಯಾಡಿ ಕಣ್ರಪ್ಪ. ಚೆಂದಾಗಿ ಚೀಪಿ ಇದ್ರೊಳಕ್ಕೆ ಆಕಿ. ಕೋವಿಗೆ ಬೇಕು."

ಕೋವಿಗೆ ಮೂಳೆ ಯಾಕೆ, ಹುಚ್ಚಯ್ಯ ಹೋದ ಮೇಲೆ ಮುದುಕಿಗೆ ಏನೋ ಆಗಿದೆ ಎಂದು ಒಬ್ಬರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಆಗ ಪುಟ್ಟಸ್ವಾಮಿ ಎಂದು ತಾತನ ಜೊತೆ ಹೊಲ ಕಾಯುತ್ತಿದ್ದವರು ಎದ್ದು ಬಂದು, ಬಕೆಟ್ಟಿಗೆ ಮೊದಲ ಮೂಳೆ ಹಾಕಿ, "ನಂದು ಒಂದು ನಳಿಗೇಗೆ ಸಾಕಾ, ಇನ್ನೊಂದು ನಲ್ಲಿ ಮೂಳೆ ಕಡೀಲಾ?" ಎಂದರು. ಅಲ್ಲಿಂದ ಮುಂದೆ ಪಂಕ್ತಿಯೇ ನಗತೊಡಗಿತು. ಯಾರು ಮೂಳೆಯನ್ನು ಹೆಚ್ಚು ಬೆಳ್ಳಗೆ ಚೀಪಿದ್ದಾರೆ ಎಂಬುದೇ ಒಂದು ಪಂದ್ಯವಾಯಿತು. ನನಗೆ ಮೊದಲು ನಾಚಿಕೆಯಾಯಿತು. ಆಮೇಲೆ ಬಕೆಟ್ ನಾನೇ ಹಿಡಿದೆ.

ಕೊನೆಗೆ ಅಜ್ಜಿ ತಾತನ ಎಡೆಯ ಎಲೆಯಿಂದ ಎರಡು ಮೂಳೆಯನ್ನು ಬೇರೆಯಾಗಿ ತೆಗೆದು, ತೊಳೆದು, ಬಾಳೆ ನಾರಿನಿಂದ ಕಟ್ಟಿದ್ದಾರೆ. ಚೀಲದಲ್ಲಿ ಮೇಲುಗಡೆಯೇ ಸಿಗುತ್ತದೆ. ಅವನ್ನು ಬಾಡಿಗೆ ತಾಕುವ ಹಾಗೆ ಇಡಬೇಕಂತೆ. ಸಾಧ್ಯವಾಗದಿದ್ದರೆ ಇಟ್ಟೆ ಎಂದಾದರೂ ಹೇಳಿ, ಪ್ಲೀಸ್.

ಆ ಬಣ್ಣ ಹಾಗೆಯೇ ವಾಪಸ್ ಬರುತ್ತದಾ ಎಂದು ಅಜ್ಜಿ ಕೇಳಿದರು. ಬರುತ್ತದೆ ಎಂದುಬಿಟ್ಟೆ.

ಹರ್ಷಿತಾ


ಹುಣಸೂರು
21-9-2001

ಕುಮಾರಿ ಹರ್ಷಿತಾ ಅವರಿಗೆ,

ಚೀಲ ತಲುಪಿತು. ಬೀದಿಯ ನಾಯಿಗಳೂ ತಲುಪಿದವು. ಮೂರು ದಿನದಿಂದ ಮನೆಯವಳು ನನ್ನೊಡನೆ ಮಾತಾಡಿಲ್ಲ. ಮೂಳೆಗಳನ್ನು ಮುಚ್ಚಿದ ಡಬ್ಬಿಯಲ್ಲಿ ಬೂದಿಯಾಗದಂತೆ ಕಪ್ಪಗೆ ಸುಟ್ಟು, ಕುಟ್ಟಿ ಇಟ್ಟಿದ್ದೇನೆ. ಬಾಳೆ ನಾರಿನ ಕಟ್ಟನ್ನು ಬೇರೆಯಾಗಿ ಸುಟ್ಟು ಬೇರೆಯಾಗಿಯೇ ಇಟ್ಟಿದ್ದೇನೆ. ಇದನ್ನು ನಿಮ್ಮ ಅಜ್ಜಿಯವರಿಗೆ ತಿಳಿಸಬಹುದು.

ಆದರೆ ಈಗ ಬೆಂಕಿ ಹಚ್ಚುವುದು ಬೇಡವೆಂದು ತೋರುತ್ತದೆ. ಮೊದಲನೆಯದಾಗಿ ಅಧಿಕ ಮಾಸ ಹಿಡಿದಿದೆ. ಎರಡನೆಯದಾಗಿ ಮಳೆ ಇದೆ, ಇದ್ದಿಲು ಥಂಡಿ ಕುಡಿದಿದೆ. ಮೂರನೆಯದಾಗಿ ನಮ್ಮ ಬೀದಿಯ ಬೋರ್‌ವೆಲ್ ನೀರು ಗಡಸು. ತಂದೆಯವರು ಪಿರಿಯಾಪಟ್ಟಣದಲ್ಲಿ ಬಾವಿಯ ನೀರನ್ನೇ ಬಳಸುತ್ತಿದ್ದರು. ದಸರಾ ಕಳೆದು ದೀಪಾವಳಿಯ ಹೊತ್ತಿಗೆ ನೋಡಿದರಾಯಿತು. ಅಲ್ಲಿಯತನಕ ಕೋವಿಯನ್ನು ಬಿಳಿಯಾಗಿಯೇ ಪೂಜೆಗೆ ಇಟ್ಟುಕೊಳ್ಳಬಹುದು. ಕೋವಿ ಕೋವಿಯೇ.

ಉಕ್ಕನ್ನು ಅಷ್ಟು ಕೆಂಪು ಮಾಡಿ ನೀರಿಗೆ ಹಾಕಿದರೆ ಕೆಲವೊಮ್ಮೆ ಬಾಡಿ ತಿರುಚಿಕೊಳ್ಳುತ್ತದೆ. ತಿರುಚಿಕೊಂಡರೆ ನಳಿಗೆ ಕೂರುವುದಿಲ್ಲ, ಕೋವಿ ಮುಚ್ಚುವುದಿಲ್ಲ. ಆಮೇಲೆ ಅದು ಕಬ್ಬಿಣ ಅಷ್ಟೆ, ನಂಬರಿದ್ದರೂ ಲೈಸೆನ್ಸಿದ್ದರೂ. ಈ ಬಗ್ಗೆ ತಮ್ಮ ಡಿಪಾರ್ಟ್‌ಮೆಂಟು ಏನು ಹೇಳುತ್ತದೆ?

ಕಂಠಪ್ಪ


ಸುರತ್ಕಲ್
26-9-2001

ಮಾನ್ಯ ಕಂಠಪ್ಪನವರಿಗೆ,

ನೀವು ದೊಡ್ಡವರು. ಆದರೂ ಹೇಳಬೇಕಾಗಿದೆ, ಸಾರಿ. ಅಧಿಕ ಮಾಸದಲ್ಲಿ ಮದುವೆ ಮಾಡುವುದಿಲ್ಲ ಎಂದು ಕೇಳಿದ್ದೇನೆ. ರಿಪೇರಿ ಮಾಡುವುದಿಲ್ಲ ಎಂದು ಕೇಳಿಲ್ಲ. ಅಧಿಕ ಮಾಸ ಬಂದದ್ದರಿಂದಲೇ ಪಕ್ಷ ಮುಗಿದ ಮೇಲೂ ದಸರಾಕ್ಕೆ ಒಂದು ತಿಂಗಳು ಸಿಕ್ಕಿದೆ. ನಿಮ್ಮಂಥವರೂ ಹೀಗೆ ಶಾಸ್ತ್ರ ನೋಡುತ್ತಾ ಕೂತರೆ ಹೇಗೆ? ಊರಿನವರೆಲ್ಲ ಮೂಳೆ ಚೀಪಿ ಕೊಟ್ಟಿದ್ದಾರೆ. ಬಿಳಿ ಕೋವಿ ಮನೆಗೆ ಬಂದರೆ ಮುದುಕಿಗೆ ಏನೋ ಆಗಿದೆ ಎಂದವರೇ ಗೆದ್ದ ಹಾಗೆ. ಅಜ್ಜಿ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಊರಿನ ಮುಂದೆ ತನ್ನ ಹೆಸರಿನ ಕೋವಿಯನ್ನು ಮೊದಲ ಸಲ ಪೂಜೆಗೆ ಇಡುವುದು ಅವರಿಗೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತು.

ತಿರುಚಿಕೊಳ್ಳುವ ವಿಷಯ. ನಾನು ಲೈಬ್ರರಿಯಲ್ಲಿ ಹಳೆಯ ಪುಸ್ತಕವೊಂದನ್ನು ಹುಡುಕಿದೆ. ಫಸ್ಟ್ ಇಯರಿನವರಿಗೆ ಆ ಸೆಕ್ಷನ್ನಿಗೆ ಬಿಡುವುದಿಲ್ಲ, ಸೀನಿಯರ್ ಕಾರ್ಡಿನಲ್ಲಿ ಹೋದೆ. ಬಾಡಿಯ ಒಳಗಿನ ಖಾಲಿ ಜಾಗದಲ್ಲಿ ಬಿಗಿಯಾಗಿ ಕೂರುವ ಒಂದು ಕಬ್ಬಿಣದ ತುಂಡನ್ನು ಇಟ್ಟು ಕಾಯಿಸುತ್ತಾರಂತೆ. ನೀರಿಗೆ ಬಿದ್ದಾಗ ಅದು ಒಳಗಿನಿಂದ ಹಿಡಿದುಕೊಂಡಿರುತ್ತದೆ. ಚಿತ್ರ ಬರೆದಿದ್ದೇನೆ. ಒಂದು ಕಡೆ ಮೆಟ್ಟಿಲಿನ ಹಾಗೆ ಕೊರೆದಿದೆ, ನಡುವೆ ಬೋಲ್ಟು ಹೋಗುವ ತೂತು. ನಮಗೆ ಈಗ ನಡೆಯುತ್ತಿರುವುದು ಇಂಜಿನಿಯರಿಂಗ್ ಡ್ರಾಯಿಂಗ್ ಒಂದೇ, ಹಾಗಾಗಿ ಗೆರೆಗಳು ಮಾತ್ರ ಸರಿಯಾಗಿವೆ ಎಂದು ಹೇಳಬಲ್ಲೆ.

ನಿಮಗೆ ಇದು ಮೊದಲೇ ಗೊತ್ತಿದ್ದರೆ ಕಾಗದ ಹರಿದು ಹಾಕಿ.

ಹರ್ಷಿತಾ


ಹುಣಸೂರು
29-9-2001

ಹರ್ಷಿತಾ ಅವರಿಗೆ,

ಚಿತ್ರ ಕಂಡೆ. ಅಂಥ ತುಂಡು ನಮ್ಮ ಅಂಗಡಿಯಲ್ಲಿ ತಂದೆಯವರ ಕಾಲದಿಂದ ಇದೆ. ನಿತ್ಯ ಬಳಕೆಯಲ್ಲೇ ಇದೆ.

ನೀರಿನ ಬಗ್ಗೆ ಇನ್ನೂ ಯೋಚನೆ ಮಾಡುತ್ತಿದ್ದೇನೆ. ಬೆಂಕಿ ಹಚ್ಚುವ ದಿನ ನಾನೇ ತಿಳಿಸುತ್ತೇನೆ. ನಿಮ್ಮ ಅಜ್ಜಿಯವರನ್ನು ಕಳಿಸುವುದು ಬೇಡ. ಕೆಲಸದ ಜಾಗದಲ್ಲಿ ಹೆಚ್ಚು ಜನ ಇರಬಾರದು.

ಕಂಠಪ್ಪ


ಸುರತ್ಕಲ್
3-10-2001

ಮಾನ್ಯ ಕಂಠಪ್ಪನವರಿಗೆ,

ನಿಮ್ಮ ಕಾಗದ ಬಂದದ್ದು ಇವತ್ತು ಮಧ್ಯಾಹ್ನ. ಅಜ್ಜಿ ಸರಗೂರಿನ ಬೂತಿನಿಂದ ಫೋನ್ ಮಾಡಿದ್ದು ಇವತ್ತು ಬೆಳಿಗ್ಗೆ. ನಾಳೆ ಮೊದಲ ಬಸ್ಸಿಗೆ ಕೋಟೆ ಮಾರ್ಗವಾಗಿ ಹುಣಸೂರಿಗೆ ಬರುತ್ತಿದ್ದಾರೆ. ನಾನು ಬೇಡ ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ಅವರು ಬಂದು ಹೋಗಿರುತ್ತಾರೆ ಎಂದು ಗೊತ್ತು, ಆದರೂ ಬರೆಯದೆ ಇರಲಾಗುತ್ತಿಲ್ಲ.

ನವಿಲಿನ ಕತ್ತಿನ ವಿಷಯ ಅವರಿಗೆ ಮೆತ್ತಗೆ ಹೇಳಿ. ಬಣ್ಣ ತಿಕ್ಕಿದ್ದು ಯಾರು ಎಂದು ಮಾತ್ರ ಅವರ ಮುಂದೆ ಕೇಳಬೇಡಿ. ಕಲಾಯಿಯವನನ್ನು ಬೈಯಲೂಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಹರ್ಷಿತಾ


ಸುರತ್ಕಲ್
9-10-2001

ಕಂಠಪ್ಪನವರೇ,

ನಿಮ್ಮಿಂದ ಏನೂ ಬಂದಿಲ್ಲ. ಅಜ್ಜಿಯ ಫೋನೂ ಇಲ್ಲ. ಮಾವನ ಪಕ್ಕದ ಮನೆಗೆ ಮಾಡಿದರೆ ಅಜ್ಜಿ ಹುಣಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದಾರೆ, ಯಾಕೋ ಗೊತ್ತಿಲ್ಲ ಎಂದರು. ಬಾಡಿ ತಿರುಚಿಕೊಂಡಿತಾ? ಹಾಗಾಗಿದ್ದರೆ ಆ ಚಿತ್ರ ನನ್ನದು, ಅಜ್ಜಿಗೆ ನನ್ನ ಹೆಸರನ್ನೇ ಹೇಳಿ. ನಾಳಿದ್ದು ಇಂಟರ್ನಲ್ಸ್ ಇದೆ, ಪುಸ್ತಕ ತೆರೆದರೆ ಬರೀ ಆ ಗೆರೆಗಳೇ ಕಾಣುತ್ತವೆ. ಆಗಿದ್ದೇ ಆಗಿದ್ದರೂ ಒಂದು ಸಾಲು ಬರೆಯಿರಿ.

ಹರ್ಷಿತಾ


ಹುಣಸೂರು
12-10-2001

ಮಗು ಹರ್ಷಿತಾ,

ತಡವಾದದ್ದಕ್ಕೆ ಕಾರಣವಿದೆ. ಕೈಗೆ ಬಿಸಿ ತಗುಲಿ ಪೆನ್ನು ಹಿಡಿಯಲಾಗಿರಲಿಲ್ಲ. ಈಗ ವಾಸಿ. ಕ್ರಮವಾಗಿ ಬರೆಯುತ್ತೇನೆ.

ನಿಮ್ಮ ಅಜ್ಜಿಯವರು ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಂದವರು ಕೋವಿಯನ್ನು ಕೇಳಲಿಲ್ಲ. ಗೋಡೆಯಲ್ಲಿ ಒಂದು ಹಳೆಯ ಬಾಡಿಯನ್ನು ಮೊಳೆಗೆ ಹಾಕಿ ಅದಕ್ಕೆ ಬೀಗದ ಕೈಗಳನ್ನು ತೂಗುಹಾಕಿದ್ದೇನೆ. ಅದನ್ನೇ ನೋಡುತ್ತಿದ್ದು, ಇದು ಯಾಕೆ ಸೊಟ್ಟಗಿದೆ ಎಂದರು. ಅದು ಬಂದದ್ದೇ ಹಾಗೆ ಎಂದೆ. ಅವರು ನನ್ನ ಮುಖವನ್ನೂ ಅದನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ.

"ನಂದೂ ಅಂಗೇ ಸೊಟ್ಟಗಾದ್ರೆ ನಾನೂ ಗೋಡೆಗೆ ಒಡ್ದು ಬೀಗದ್ ಕೈ ನೇತಾಕ್ಕತೀನಿ ಬುಡಪ್ಪ. ಅದ್ಕೆ ಎದ್ರಿಕೊಂಡು ಕೂತ್ಕಂಡ್ರೆ ಆದದಾ? ನೀನು ಬೆಂಕಿ ಅಚ್ಚು."

ಅಷ್ಟಾದ ಮೇಲೆ ಅಧಿಕ ಮಾಸ ಅಡ್ಡ ಬರಲಿಲ್ಲ.

ನೀನು ಬರೆದ ತುಂಡನ್ನು ಅರದಿಂದ ತಿಕ್ಕಿ ಹೊಂದಿಸಲು ಮೂರು ದಿನ ಹಿಡಿಯಿತು, ಅಲ್ಲಿಯತನಕ ಅಜ್ಜಿಯವರು ನೆಂಟರ ಮನೆಯಲ್ಲಿ ಕಾದರು. ಸರಿಯಾಗಿ ಕೂತಿತು. ಪಕ್ಕದಲ್ಲಿ ಕೂದಲೆಳೆಯಷ್ಟು ಸಂದಿತ್ತು, ಹಿತ್ತಾಳೆ ತಗಡು ಕೊಟ್ಟೆ. ಪೆಟ್ಟಿಗೆಯಲ್ಲಿ ಮೂಳೆಯ ಇದ್ದಿಲು ತುಂಬಿ, ಬಾಳೆ ನಾರಿನ ಕಟ್ಟಿನ ಪುಡಿಯನ್ನು ಕುದುರೆಯ ಪಕ್ಕಕ್ಕೆ ಒತ್ತಿ, ಮುಚ್ಚಳಕ್ಕೆ ಹುತ್ತದ ಮಣ್ಣು ಮೆತ್ತಿದೆ. ಇಟ್ಟೆ ಎಂದು ಸುಳ್ಳು ಹೇಳಬೇಕಾಗಲಿಲ್ಲ, ಅವರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಕೆಂಪು ಬಂದಾಗ ಅದು ಚೆರ್ರಿಯೋ ಕಾಫಿ ಹಣ್ಣೋ ಎಂದು ನನಗೂ ಒಂದು ಗಳಿಗೆ ತಿಳಿಯಲಿಲ್ಲ. ಅಜ್ಜಿಯವರು ತೊಂಡೆಹಣ್ಣು ಎಂದರು. ಅದೇ ಸರಿ. ತಂದೆಯವರೂ ತೊಂಡೆಹಣ್ಣು ಎನ್ನುತ್ತಿದ್ದರು. ಅವರು ಹೇಳಿದ ಮೇಲೆ ನೆನಪಾಯಿತು.

ತೊಟ್ಟಿಯ ನೀರಿನಲ್ಲಿ ಗಾಳಿ ಬೆರೆತಿರಬೇಕು, ಇಲ್ಲದಿದ್ದರೆ ಬರೀ ಬೂದು ಬಣ್ಣ ಬರುತ್ತದೆ. ನಮ್ಮ ಅವ್ವ ಬಿಂದಿಗೆಯಿಂದ ಎತ್ತರದಲ್ಲಿ ಸುರಿಯುತ್ತಿದ್ದದ್ದು ನನಗೆ ಗೊತ್ತಿತ್ತು. ಈಗ ಸುರಿಯುವವರು ಯಾರು? ನನ್ನ ಮನೆಯವಳು ಮೂಳೆ ಇರುವ ಹಿತ್ತಿಲಿಗೆ ಬರುವವಳಲ್ಲ. ನಿಮ್ಮ ಅಜ್ಜಿಯವರು ಸೆರಗು ಕಟ್ಟಿ, ಕಲ್ಲಿನ ಮೇಲೆ ಹತ್ತಿ ನಿಂತು, ತಲೆಯ ಮೇಲಿನಿಂದ ಸುರಿದರು. ನೊರೆ ಎದ್ದ ಜಾಗಕ್ಕೆ ಪೆಟ್ಟಿಗೆ ಕವುಚಿದೆ. ಆಗ ಕೈಗೆ ಹಬೆ ಬಡಿಯಿತು.

ಹೊರತೆಗೆದು ಮೊದಲು ಬಣ್ಣ ನೋಡಲಿಲ್ಲ. ತುಂಡನ್ನು ತಟ್ಟಿ ತೆಗೆದು ನಳಿಗೆ ಕೂರಿಸಿದೆ. ಕೋವಿ ಮುಚ್ಚಿತು. ಆ ಸದ್ದನ್ನು ನಮ್ಮ ತಂದೆಯವರು ಕೇಳಬೇಕಾಗಿತ್ತು.

ಇನ್ನು ಬಣ್ಣ. ಬೆಲ್ಲದ ಪಾಕದ ಕಂದು, ನೇರಳೆ, ಒಣಹುಲ್ಲಿನ ಹಳದಿ, ನಡುನಡುವೆ ನೀಲಿ. ನಾನು ಹುಟ್ಟಿದ ಮೇಲೆ ಕಂಡ ಕೋವಿಗಳಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಧೈರ್ಯವಾಗಿ ಬರೆಯುತ್ತೇನೆ. ಆದರೆ ಕುದುರೆಯ ಪಕ್ಕದಲ್ಲಿ ನವಿಲಿನ ಕತ್ತು ಇಲ್ಲ. ಅಲ್ಲಿ ಮಳೆಮೋಡದ ಹಾಗೆ ಕಪ್ಪು ನೀಲಿ ಬಂದು ಅಂಚಿಗೆ ಕೆಂಪು ಹತ್ತಿದೆ. ಅಜ್ಜಿಯವರು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ಏನೋ ಸಮಾಧಾನ ಹೇಳಹೋದೆ. ಅವರು ಕೈ ಅಡ್ಡ ಮಾಡಿದರು.

"ಇದು ಅವುರ್ದಲ್ಲ" ಎಂದರು. ಆಮೇಲೆ ಆ ಮೋಡದ ಮೇಲೆ ಬೆರಳಿಟ್ಟು, "ಅವುರ್ದು ಅವುರ್ ಜೊತೇಲೆ ಓಯ್ತು ಕಣಪ್ಪ. ನೀರು ಉಯ್ದೋಳು ನಾನು. ಇದು ನಂದು" ಎಂದರು.

ನಾನು ಸಂತೋಷದಲ್ಲಿ ಬಾಯಿ ತಪ್ಪಿ, ಇಂಥ ಬಣ್ಣವನ್ನು ತಿಕ್ಕಿ ತೆಗೆದ ಆ ಕಲಾಯಿಯವನು ಸಿಕ್ಕಿದ್ದರೆ ಎಂದುಬಿಟ್ಟೆ. ನಿನ್ನ ಮೂರನೇ ತಾರೀಕಿನ ಕಾಗದ ಆಗ ಬಂದಿರಲಿಲ್ಲ. ನಿಮ್ಮ ಅಜ್ಜಿಯವರು ಎದೆಯುಬ್ಬಿಸಿ, "ಯಾವ ಕಲಾಯಿಯವ್ನು? ವರ್ಸಾ ವರ್ಸಾ ಆಯುಧಪೂಜೇಗೆ ಉಣಸೆಅಣ್ಣು ಬೂದಿ ಆಕಿ ದೀಪದ ಕಂಬದ ಅಂಗೆ ತಿಕ್ಕಿ ಬೆಳಗಿದ್ದು ನಾನು. ಊರಲ್ಲಿ ಯಾರ ಕೋವಿ ಅಂಗೆ ಒಳೀತಿತ್ತು, ಯೋಳು ನೋಡವ" ಎಂದರು. ಯಾರದೂ ಹೊಳೆಯುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಇನ್ನು ಎಣ್ಣೆ ಬಟ್ಟೆ ಬಿಟ್ಟು ಬೇರೆ ಏನೂ ತಾಕಿಸಬಾರದು ಎಂದು ಹೇಳಿದ್ದೇನೆ. ತಲೆಯಾಡಿಸಿದ್ದಾರೆ. ಆ ತಲೆಯಾಡಿಸುವುದರ ಮೇಲೆ ನನಗೆ ಪೂರ್ತಿ ನಂಬಿಕೆ ಇಲ್ಲ. ಆಮೇಲೂ ಎರಡು ದಿನ ಹುಣಸೂರಿನಲ್ಲೇ ಉಳಿದು, ನಾನು ಎಲ್ಲವನ್ನೂ ಜೋಡಿಸಿ ಮುಗಿಸುವ ತನಕ ಕಾದು, ಲಿಂಗರಾಜು ಅವರ ಜೊತೆ ಕೋವಿ ತೆಗೆದುಕೊಂಡು ಹೋದರು.

ಇನ್ನೊಂದು ಮಾತು. ನೀನು ಫಸ್ಟ್ ಇಯರ್ ಎಂದು ನನಗೆ ಮೊದಲ ಕಾಗದದಲ್ಲೇ ತಿಳಿದಿತ್ತು. ಯಾವ ಡಿಪಾರ್ಟ್‌ಮೆಂಟೂ ಅಷ್ಟು ಸಲ ಸಾರಿ ಕೇಳುವುದಿಲ್ಲ. ಆದರೂ ಚಿತ್ರ ಚಿತ್ರವೇ. ಅದನ್ನು ಅಂಗಡಿಯಲ್ಲಿ ಕಟ್ಟು ಹಾಕಿಸಿದ್ದೇನೆ.

ಬಾಡಿಯ ಜೊತೆ ಅದೇ ಪೆಟ್ಟಿಗೆಯಲ್ಲಿ ಒಂದು ಉಕ್ಕಿನ ಬಿಲ್ಲೆಯನ್ನೂ ಇಟ್ಟಿದ್ದೆ. ಕಾಗದದೊಳಗೆ ಇದೆ. ನಿನಗೆ.

ಕಂಠಪ್ಪ


ಸುರತ್ಕಲ್
18-10-2001

ಪೂಜ್ಯ ಕಂಠಪ್ಪನವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ರೂಮ್‌ಮೇಟಿಗೆ ಬಾಯಿಪಾಠ ಬಂದಿದೆ. ಕೈ ಈಗ ಹೇಗಿದೆ? ಅದನ್ನು ಮೊದಲು ಕೇಳಬೇಕಿತ್ತು. ಕ್ಷಮಿಸಿ, ಸಾರಿ ಅನ್ನುವುದಿಲ್ಲ.

ಬಿಲ್ಲೆ ನನ್ನ ಮೇಜಿನ ಮೇಲಿದೆ. ಬೆಳಕು ಬದಲಾದ ಹಾಗೆ ಬಣ್ಣವೂ ಬದಲಾಗುತ್ತದೆ. ಮೊನ್ನೆ ಧೈರ್ಯ ಮಾಡಿ ಅದನ್ನು ಮೆಟಲರ್ಜಿ ಸರ್ ಹತ್ತಿರ ತೆಗೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಆ ಡಿಪಾರ್ಟ್‌ಮೆಂಟಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಸರ್ ಕಿಟಕಿಯ ಹತ್ತಿರ ಹೋಗಿ ನೋಡಿದರು. ಇದು ಯಾವ ಲ್ಯಾಬಿನದು ಎಂದು ಕೇಳಿದರು. ಹುಣಸೂರಿನದು ಎಂದೆ. ನೀರಿನಲ್ಲಿ ಏರೇಶನ್, ಅಂದರೆ ಗಾಳಿ ಬೆರೆಸುವುದನ್ನು, ಯಾರು ಮಾಡಿದ್ದು ಎಂದು ಕೇಳಿದರು. ನಮ್ಮ ಅಜ್ಜಿ ಎಂದೆ. ಹೇಳುವಾಗ ಒಂದು ಸಲವೂ ತೊದಲಲಿಲ್ಲ. ಒಮ್ಮೆ ನಿಮ್ಮ ಅಂಗಡಿ ನೋಡಬೇಕೆಂದು ಅವರ ಆಸೆ.

ಅಜ್ಜಿ ನಿನ್ನೆ ಫೋನ್ ಮಾಡಿದ್ದರು. ಕೋವಿ ನೋಡಲು ಜನ ಬರುತ್ತಲೇ ಇದ್ದಾರಂತೆ. ಯಾರ ಮೂಳೆಯಿಂದ ಯಾವ ಬಣ್ಣ ಬಂತು ಎಂದು ಜಗಲಿಯ ಮೇಲೆ ವಾದ ನಡೆಯುತ್ತಿದೆಯಂತೆ. ಪುಟ್ಟಸ್ವಾಮಿಯವರು ನೇರಳೆ ಪೂರ್ತಿ ತಮ್ಮದು ಎನ್ನುತ್ತಿದ್ದಾರೆ. ಮುದುಕಿಗೆ ಏನೋ ಆಗಿದೆ ಎಂದವರೂ ಬಂದು ಹಳದಿಯಲ್ಲಿ ಪಾಲು ಕೇಳಿದರಂತೆ, ಅಜ್ಜಿ ಕೊಟ್ಟಿದ್ದಾರೆ. ಮೋಡದ ಜಾಗವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಈಗ ಅರ್ಜೆಂಟ್ ವಿಷಯ. ಆಯುಧಪೂಜೆ ಇಪ್ಪತ್ತೈದಕ್ಕೆ. ಹುಣಸೆಹಣ್ಣು ಮುಟ್ಟುವುದಿಲ್ಲ ಎಂದು ಅಜ್ಜಿ ನನ್ನ ಮೇಲೆ ಆಣೆ ಮಾಡಿದ್ದಾರೆ. ಆದರೆ ಅರಿಶಿನ ಕುಂಕುಮ ಹಚ್ಚದೆ, ನಿಂಬೆಹಣ್ಣು ಇಡದೆ ಅದೆಂಥ ಪೂಜೆ ಎಂದು ಕೇಳುತ್ತಿದ್ದಾರೆ. ನಿಂಬೆಹಣ್ಣಿನ ರಸ ಬಣ್ಣಕ್ಕೆ ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತು. ಕುಂಕುಮದ್ದು ಗೊತ್ತಿಲ್ಲ, ಪುಸ್ತಕದಲ್ಲೂ ಇಲ್ಲ. ನಳಿಗೆಗೆ ಹಚ್ಚಿ ಎಂದರೆ, ಹಣೆ ಇರುವಾಗ ಕೈಗೆ ಯಾರು ಕುಂಕುಮ ಇಡುತ್ತಾರೆ ಎಂದರು. ಬಾಡಿಗೇ ಇಡಬೇಕಂತೆ, ಆ ಮೋಡದ ಮೇಲೆಯೇ.

ನಾನು ಇಪ್ಪತ್ಮೂರಕ್ಕೆ ಊರಿಗೆ ಹೋಗುತ್ತೇನೆ. ಕುಂಕುಮ ಇಡಬಹುದೋ ಬೇಡವೋ, ಇಟ್ಟರೆ ಎಣ್ಣೆಯಲ್ಲಿ ಕಲಸಬೇಕೋ, ಎಷ್ಟು ಹೊತ್ತಿನಲ್ಲಿ ಒರೆಸಬೇಕೋ, ಎಲ್ಲ ಅಜ್ಜಿಯ ಮನೆಯ ವಿಳಾಸಕ್ಕೇ ಬರೆಯಿರಿ. ಅವರು ನನ್ನ ಮಾತು ಕೇಳುವುದಿಲ್ಲ, ನಿಮ್ಮದನ್ನು ಕೇಳುತ್ತಾರೆ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ,
ಹರ್ಷಿತಾ